ದೊಡ್ಡ ಮೊಟ್ಟೆಯ ಕ್ಯಾಮ್

ನಮ್ಮ ಕಡೆ ಗ್ಯಾರೇಜಿನಲ್ಲಿ ಎಲ್ಲರೂ ಎಲ್ಲರಿಗೂ ಗುರುವೇ. ಸ್ಪ್ಯಾನರ್ ಕೇಳುವವನೂ ‘ಏನ್ ಗುರು’ ಅನ್ನುತ್ತಾನೆ, ಕೊಡುವವನೂ ‘ತಗೋ ಗುರು’ ಅನ್ನುತ್ತಾನೆ. ಆದರೆ ಹೊಳೆದಂಡೆಯ ಒಂದು ತಗಡಿನ ಶೆಡ್ಡಿನಲ್ಲಿ ಆ ಮಾತು ಒಬ್ಬರಿಗೇ ಮೀಸಲು. ಅವರು ಮೋನಪ್ಪಾಚಾರ್.

ಕುಳ್ಳನೆಯ ಮನುಷ್ಯ, ಮಾತು ಕಮ್ಮಿ. ಎಂಜಿನ್ ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎನ್ನುವುದು ಅವರ ಕ್ರಮ.

ಅವರ ಬಳಿ ಕೆಲಸ ಕಲಿಯುತ್ತಿದ್ದವನು ಚನ್ನವೀರ. ಹೆಸರಿನಲ್ಲೇನೋ ವೀರನಿದ್ದ. ಎದೆಯಲ್ಲಿ ಮಾತ್ರ, ಒಂದು ಸೋಮವಾರದಿಂದೀಚೆಗೆ, ಬರೀ ಪುಕಪುಕ.

ಅವನ ಹೆಂಡತಿ ನೀಲಾಂಬಿಕೆ ಘಾಟಿಯ ಮೇಲಿನ ಆಸ್ಪತ್ರೆಯಲ್ಲಿ ನರ್ಸ್. ಸೋಮವಾರ ಬೆಳಿಗ್ಗೆ ಬಸ್ಸಿಲ್ಲದ ಹೊತ್ತಿನಲ್ಲಿ ಅವಳನ್ನು ತನ್ನ ಕ್ರೂಸರ್ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟುಬರುವುದು ಅವನ ರೂಢಿ. ಆ ಸೋಮವಾರ ತಿರುವಿನಲ್ಲಿ ದಿಮ್ಮಿ ಹೊತ್ತ ಲಾರಿಯೊಂದನ್ನು ದಾಟಲು ಹೋದ. ಎದುರಿಗೆ ಬಸ್ಸು ಬಂತು. ಆಕ್ಸಿಲರೇಟರ್ ತಿರುಚಿದರೆ ಬೈಕು ಎಳೆಯಲಿಲ್ಲ. ನಡುವೆ ಹೇಗೆ ನುಸುಳಿ ಬಂದನೋ ಅವನಿಗೇ ಗೊತ್ತಿಲ್ಲ. ನೀಲಾಂಬಿಕೆಯ ಸೆರಗು ಬಸ್ಸಿನ ಮೈಗೆ ಸವರಿ ಕರಿ ಗೆರೆ ಬಿದ್ದಿತ್ತು.

ಅವಳು ಬೈಯಲಿಲ್ಲ. ಮುಂದಿನ ಸೋಮವಾರ ಮತ್ತೆ ಬಂದು ಹಿಂದೆ ಕೂತಳು. ಆದರೆ ಅವಳ ಉಗುರು ಅಂಗಿ ದಾಟಿ ಅವನ ಪಕ್ಕೆಗೆ ಇಳಿದಿತ್ತು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಚನ್ನವೀರನಿಗೆ ಅನಿಸಿತು. ಕಣ್ಣು ಮುಚ್ಚಿದರೆ ಬಸ್ಸಿನ ಮುಖ ಕಾಣುತ್ತಿತ್ತು.

“ಗುರುಗಳೇ, ನನ್ನ ಬೈಕಿಗೆ ಬೇರೆ ಕ್ಯಾಮ್ ಹಾಕ್ಬೇಕು,” ಎಂದ.

ಕ್ಯಾಮ್‌ಶಾಫ್ಟ್ ಎಂದರೆ ಎಂಜಿನ್ನಿನ ಉಸಿರಾಟವನ್ನು ಆಳುವ ಸರಳು. ಅದರ ಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುತ್ತವೆ. ಅವು ತಿರುಗಿದ ಹಾಗೆ ವಾಲ್ವ್‌ಗಳು ತೆರೆದು ಮುಚ್ಚುತ್ತವೆ. ಶೆಡ್ಡಿನಲ್ಲಿ ಆ ಉಬ್ಬಿಗೆ ಮೊಟ್ಟೆ ಅಂತಲೇ ಹೆಸರು.

ಮೋನಪ್ಪಾಚಾರ್ ಎಣ್ಣೆ ಕಾಗದ ಬಿಚ್ಚಿ ಎರಡು ಕ್ಯಾಮ್‌ಗಳನ್ನು ಮೇಜಿನ ಮೇಲಿಟ್ಟರು.

“ಯಾವುದು?”

“ದೊಡ್ಡ ಮೊಟ್ಟೆದು.”

“ಯಾಕೆ?”

“ವಾಲ್ವ್ ಜಾಸ್ತಿ ತೆರೆದ್ರೆ ಜಾಸ್ತಿ ಉಸಿರು. ಉಸಿರು ಜಾಸ್ತಿ ಆದ್ರೆ ಶಕ್ತಿ ಜಾಸ್ತಿ.”

“ಇದನ್ನ ಆರಿಸಿದ್ದು ಯಾರು?”

“ನಾನೇ, ಇನ್ಯಾರು?”

ಗುರುಗಳು ಅವನ ಕೈ ನೋಡಿದರು. ಕ್ಯಾಮ್ ಹಿಡಿದಿದ್ದ ಬೆರಳುಗಳು ನಡುಗುತ್ತಿದ್ದವು.

“ನೀನಾ?” ಎಂದರು.

“ಹಾಕಲಾ ಗುರುಗಳೇ?”

“ಹಾಕು. ಮಣ್ಣು ಮರೀಬೇಡ.”

ಮಣ್ಣು ಎಂದರೆ ಹೊಳೆಯ ಜೇಡಿಮಣ್ಣು. ಮೂಲೆಯ ಮಡಕೆಯಲ್ಲಿ ಒದ್ದೆ ಬಟ್ಟೆ ಮುಚ್ಚಿ ಇಟ್ಟಿರುತ್ತಿದ್ದರು. ಹೊಸ ಕ್ಯಾಮ್ ಹಾಕುವಾಗ ಪಿಸ್ಟನ್ನಿನ ನೆತ್ತಿಯ ಮೇಲೆ ಆ ಮಣ್ಣಿನ ಬಿಲ್ಲೆ ಇಟ್ಟು, ಎಂಜಿನ್ ಮುಚ್ಚಿ, ಕೈಯಲ್ಲೇ ನಿಧಾನ ತಿರುಗಿಸಿ, ಮತ್ತೆ ಬಿಚ್ಚಿ ನೋಡಬೇಕು. ಕೆಳಗಿಳಿಯುವ ವಾಲ್ವಿಗೂ ಮೇಲೇರುವ ಪಿಸ್ಟನ್ನಿಗೂ ನಡುವೆ ಎಷ್ಟು ಜಾಗ ಉಳಿದಿದೆ ಎಂದು ಮಣ್ಣೇ ಹೇಳುತ್ತದೆ.

ಭಾನುವಾರ ಗುರುಗಳು ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದರು. ಚನ್ನವೀರ ಒಬ್ಬನೇ ಕೂತು ದೊಡ್ಡ ಮೊಟ್ಟೆಯ ಕ್ಯಾಮ್ ಜೋಡಿಸಿದ. ಮಣ್ಣು ಇಟ್ಟರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು. ನಾಳೆ ಸೋಮವಾರ. ಇಷ್ಟು ವರ್ಷ ಮಣ್ಣಿಟ್ಟಿದ್ದೇವೆ, ಎಂದಾದರೂ ವಾಲ್ವ್ ತಾಗಿದ್ದುಂಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಿಜ ಹೇಳಬೇಕೆಂದರೆ, ಮಣ್ಣು ‘ಬೇಡ’ ಎಂದುಬಿಟ್ಟರೆ ಎಂಬ ಹೆದರಿಕೆಯೇ ಅವನಿಗೆ ಜಾಸ್ತಿಯಾಗಿತ್ತು.

ಬೋಲ್ಟ್‌ಗಳನ್ನೆಲ್ಲ ಬಿಗಿದ. ಬೈಕ್ ಏರಿ ಕೂತು ಸ್ವಿಚ್ಚಿನ ಮೇಲೆ ಹೆಬ್ಬೆರಳಿಟ್ಟ.

ಅಷ್ಟರಲ್ಲಿ ಗುರುಗಳು ಬಂದರು. ಮೈಮೇಲೆ ರೇಷ್ಮೆ ಪಂಚೆ, ಕೈಯಲ್ಲಿ ಹೋಳಿಗೆಯ ಪೊಟ್ಟಣ.

“ಆಯ್ತಾ?”

“ಆಯ್ತು ಗುರುಗಳೇ.”

ಅವರ ಕಣ್ಣು ಮೂಲೆಯ ಮಡಕೆಯ ಕಡೆ ಹೋಯಿತು. ಅದರ ಮೇಲಿನ ಬಟ್ಟೆ ಒಣಗಿ ಗಡುಸಾಗಿತ್ತು. ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಪಂಚೆ ಎತ್ತಿ ಕಟ್ಟಿ, ಬಂದು ಅವನ ಹಿಂದೆ ಕೂತರು.

“ಇದೇನು ಗುರುಗಳೇ?”

“ನೀಲಮ್ಮ ಕೂರೋ ಜಾಗ ತಾನೆ ಇದು? ನಾನೂ ಅಷ್ಟೇ ಎತ್ತರ ಇದ್ದೀನಿ. ನಡಿ, ಘಾಟಿಗೆ ಹೋಗಿ ಬರೋಣ.”

“ಈಗ್ಲೇನಾ?”

“ಒತ್ತು.”

ಹೆಬ್ಬೆರಳು ಸ್ವಿಚ್ಚಿನ ಮೇಲೇ ಇತ್ತು. ಗುರುಗಳ ಕೈ ಬಂದು ಅವನ ಪಕ್ಕೆ ಹಿಡಿಯಿತು, ನೀಲಾಂಬಿಕೆ ಹಿಡಿಯುವ ಜಾಗದಲ್ಲೇ.

“ಒತ್ತಪ್ಪ, ಯಾಕೆ?”

“ಆಗ್ತಿಲ್ಲ ಗುರುಗಳೇ.”

“ಸ್ವಿಚ್ ಕೆಟ್ಟಿದೆಯಾ?”

“ಇಲ್ಲ. ಮಣ್ಣು ಇಟ್ಟಿಲ್ಲ.”

ಅಳು ಬಂದೇಬಿಟ್ಟಿತು. ಗುರುಗಳು ಇಳಿದರು. ರೇಷ್ಮೆ ಪಂಚೆಯಲ್ಲೇ ಹೊಳೆಗೆ ಹೋಗಿ ಒಂದು ಮುಷ್ಟಿ ಮಣ್ಣು ತಂದು ಅವನ ಅಂಗೈಗೆ ಹಾಕಿದರು. ಪಂಚೆಯ ಅಂಚೆಲ್ಲ ಕೆಸರಾಗಿತ್ತು.

ಮತ್ತೆ ಬಿಚ್ಚಿದರು. ಮಣ್ಣಿಟ್ಟು ಮುಚ್ಚಿದರು. ಚನ್ನವೀರ ಉಸಿರು ಬಿಗಿಹಿಡಿದು ಕೈಯಲ್ಲೇ ತಿರುಗಿಸಿದ. ಎಲ್ಲೂ ತಡೆಯಲಿಲ್ಲ, ನುಣ್ಣಗೆ ತಿರುಗಿತು. ಅವನ ಮುಖದಲ್ಲಿ ಜೀವ ಬಂತು.

“ಬಿಚ್ಚು,” ಎಂದರು ಗುರುಗಳು.

ಬಿಚ್ಚಿ ನೋಡಿದರೆ ಬಿಲ್ಲೆಯ ಮೇಲೆ ವಾಲ್ವಿನ ಗುರುತು ಅರ್ಧಚಂದ್ರದ ಹಾಗೆ ಆಳವಾಗಿ ಒತ್ತಿಕೊಂಡಿತ್ತು. ಆ ಜಾಗದಲ್ಲಿ ಮಣ್ಣು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಒಳಗಿನ ಲೋಹದ ಹೊಳಪು ಕಾಣುತ್ತಿತ್ತು.

“ಸ್ಟಾರ್ಟ್ ಮಾಡಿದ್ರೆ ಒಡೀತಿತ್ತಾ ಗುರುಗಳೇ?”

“ಇಲ್ಲ. ಚೆನ್ನಾಗೇ ಓಡ್ತಿತ್ತು.”

“ಮತ್ತೆ?”

“ಪೂರ್ತಿ ತಿರುಚಿ ಎಂಜಿನ್ ಕಿರುಚೋವಾಗ ಈ ಸಿಪ್ಪೆಯಷ್ಟು ಜಾಗನೂ ಉಳಿಯಲ್ಲ. ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತೆ, ಎಂಜಿನ್ ಹಿಡ್ಕೊಳ್ಳುತ್ತೆ, ಹಿಂದಿನ ಚಕ್ರ ನಿಂತುಬಿಡುತ್ತೆ. ನೀನು ಪೂರ್ತಿ ತಿರುಚೋದು ಯಾವಾಗ?”

ಚನ್ನವೀರ ಪೂರ್ತಿ ತಿರುಚಿದ್ದು ಒಮ್ಮೆಯೇ. ಪಕ್ಕದಲ್ಲಿ ಲಾರಿಯಿತ್ತು, ಎದುರಿಗೆ ಬಸ್ಸಿತ್ತು, ಹಿಂದೆ ನೀಲಾಂಬಿಕೆಯಿದ್ದಳು. ಹಾಗೇ ನೆಲಕ್ಕೆ ಕೂತ.

ಗುರುಗಳು ಹೋಳಿಗೆ ಮುರಿದು ಅವನ ಕೈಗಿಟ್ಟರು.

“ತಿರುವಿನಲ್ಲಿ ಎಷ್ಟು ಜೋರಾಗಿ ಹೋಗ್ತೀಯ?”

“ಅವಳಿದ್ರೆ ನಿಧಾನ.”

“ಆ ನಿಧಾನದಲ್ಲಿ ಈ ದೊಡ್ಡ ಮೊಟ್ಟೆ ಏನು ಮಾಡುತ್ತೆ?”

ಇದರ ಉತ್ತರ ಚನ್ನವೀರ ಗಿರಾಕಿಗಳಿಗೆ ಎಷ್ಟೋ ಸಲ ತಾನೇ ಹೇಳಿದ್ದ ಮಾತು.

“ನಿದ್ದೆ ಮಾಡುತ್ತೆ. ಇದ್ದ ಎಳೆತಾನೂ ಹೋಗುತ್ತೆ. ಎಂಜಿನ್ ಕಿರುಚಿದ ಮೇಲಷ್ಟೇ ಇದಕ್ಕೆ ಎಚ್ಚರ.”

“ಗೊತ್ತಿತ್ತಲ್ಲ?”

“ಗೊತ್ತಿತ್ತು. ಹೆದರಿಕೆಯಲ್ಲಿ ದೊಡ್ಡದೇ ಬೇಕು ಅನ್ನಿಸ್ತು.”

ಗುರುಗಳು ಚಿಕ್ಕ ಮೊಟ್ಟೆಯ ಕ್ಯಾಮನ್ನು ಅವನ ಕಡೆ ಸರಿಸಿದರು. ಅದನ್ನು ಹಾಕಿ ನೋಡಿದಾಗ, ಈ ಸಲ ಮಣ್ಣಿನ ಬಿಲ್ಲೆ ಬಡಿದ ರೊಟ್ಟಿಯಷ್ಟು ದಪ್ಪ ಉಳಿಯಿತು. ಚನ್ನವೀರ ಅದನ್ನು ಉಗುರಿನಿಂದ ಒತ್ತಿ ಒತ್ತಿ ನೋಡಿದ.

ಬಿಸಿಲು ಇಳಿಯುವ ಮೊದಲೇ ಇಬ್ಬರೂ ಘಾಟಿ ಹತ್ತಿದರು. ಗುರುಗಳು ಮತ್ತೆ ಹಿಂದೆಯೇ ಕೂತಿದ್ದರು. ಬೈಕು ನಿಧಾನದಲ್ಲೇ ಗಟ್ಟಿಯಾಗಿ ಎಳೆಯಿತು. ಏರಿನಲ್ಲೂ ಗೇರ್ ಇಳಿಸಬೇಕಾಗಲಿಲ್ಲ. ಎಷ್ಟೋ ದಿನದ ಮೇಲೆ ಚನ್ನವೀರನಿಗೆ ಎದೆ ಹಗುರಾಯಿತು. ಇನ್ನು ಭಯವಿಲ್ಲ ಎಂದುಕೊಂಡ.

ತಿರುವು ಬಂತು. ಮುಂದೆ ದಿಮ್ಮಿ ಹೊತ್ತ ಲಾರಿಯೊಂದು ಹೊಗೆ ಕಾರುತ್ತ ತೆವಳುತ್ತಿತ್ತು. ಅದರಾಚೆ ರಸ್ತೆ ಬಂಡೆಯ ಮರೆಗೆ ಹೋಗಿತ್ತು.

ಚನ್ನವೀರನ ಕೈ ಆಕ್ಸಿಲರೇಟರ್ ಬಿಗಿಹಿಡಿಯಿತು. ಈಗ ಎಳೆತವಿದೆ, ತಿರುಚಿದರೆ ಹೋಗುತ್ತದೆ. ಆದರೂ ಹೊಟ್ಟೆಯೊಳಗೆ ಅದೇ ಬಸ್ಸು ಬಂದು ನಿಂತಿತ್ತು.

“ಗುರುಗಳೇ,” ಎಂದು ಕೂಗಿದ, “ಈಗ ಎಳೆಯುತ್ತೆ. ದಾಟಲಾ?”

ಹಿಂದಿನಿಂದ, ಅವನ ಭುಜಕ್ಕೂ ಕೆಳಗಿನಿಂದ, ಉತ್ತರ ಬಂತು.

“ನನ್ನನ್ನ ಕೇಳಿದ್ರೆ? ಇಲ್ಲಿ ಕೂತವರಿಗೆ ರಸ್ತೆ ಎಲ್ಲಿ ಕಾಣುತ್ತಪ್ಪ, ನಿನ್ನ ಬೆನ್ನೊಂದೇ ಕಾಣೋದು.”