ಎರಡಿದ್ದರೆ ಒಂದು

“ಬಾಗಿಲು ಕೊಳ್ಳಬೇಡಿ.”

ನನ್ನ ಹೆಂಡತಿ ಲೂರ್ದಮ್ಮ ನನಗೆ ಹೇಳಿದ ಕೊನೇ ಮಾತು ಅದು. ಯಾಕೆ ಹಾಗಂದಳು ಅಂತ ತಿಳಿಯಬೇಕಾದರೆ ನಮ್ಮ ಮಗನ ಕತೆ ಕೇಳಬೇಕು.

ಮಗನ ಹೆಸರು ಅರುಳ. ಮೀಸೆ ಬಂದಿದೆ, ಬುದ್ಧಿ ಬಂದಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಅನ್ನದ ಮುಂದೆ ಕೂತಿರು ಅಂದರೆ ಕೂತಿರುತ್ತಾನೆ. ಅನ್ನ ಸೀದರೂ ಕೂತಿರುತ್ತಾನೆ. ಅವರಮ್ಮ ಹಣೆ ಹಣೆ ಬಡಿದುಕೊಳ್ಳುವಳು.

“ನಾನು ಹೋದ ಮೇಲೆ ಇವನಿಗೆ ಯಾರಪ್ಪಾ ದಿಕ್ಕು!”

ಕ್ರಿಸ್ಮಸ್ ಹತ್ತಿರ ಬಂತು. ಪ್ರತಿ ವರ್ಷ ನಮ್ಮ ಕೇರಿಯವರು ಪೇಟೆಗೆ ಹೋಗಿ ಕೈ ಬರಿದು ಮಾಡಿಕೊಂಡು ಬರುವರು. ಹೊಸ ಬಟ್ಟೆ, ಹೊಸ ನಕ್ಷತ್ರ, ದೊಡ್ಡ ಕೇಕು. ಈ ಸಲ ಫಾದರು ಪೂಜೆಯಲ್ಲಿ ಹೇಳಿದರು: “ಕೊಟ್ಟಿಗೆಯಲ್ಲಿ ಹುಟ್ಟಿದ ಕೂಸಿಗೆ ಪೇಟೆ ಯಾಕ್ರಪ್ಪಾ? ಏನೂ ಕೊಳ್ಳಬೇಡಿ. ಇದ್ದುದರಲ್ಲೇ ಹಬ್ಬ ಮಾಡಿ. ಎರಡಿದ್ದವರು ಇಲ್ಲದವರಿಗೆ ಒಂದು ಕೊಡಿ.”

ಎಲ್ಲರೂ ಹೂಂ ಅಂದರು. ಹೋದ ವರ್ಷದ ನಕ್ಷತ್ರ ಇಳಿಸಿ, ಹರಿದ ಕಡೆ ಗಂಜಿ ಹಚ್ಚಿ ಕಾಗದ ಅಂಟಿಸಿದರು. ಅರುಳನೂ ಹೂಂ ಅಂದ.

ಮನೆಗೆ ಬಂದಾಗ ಅವನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಎಲ್ಲೋ ಇನ್ನೊಂದು?”

“ಎರಡಿದ್ವು. ಪಾಸ್ಕಲಪ್ಪನಿಗೆ ಒಂದು ಕೊಟ್ಟೆ.”

ಪಾಸ್ಕಲಪ್ಪ ಹಿಂದೆ ಮುಂದೆ ಯಾರೂ ಇಲ್ಲದ ಮುದುಕ. ಚರ್ಚಿನ ಜಗಲಿಯಲ್ಲೇ ಮಲಗುವವನು.

“ಪೆದ್ದು ಮುಂಡೇದೆ! ಒಂದು ಚಪ್ಪಲಿ ಅವನಿಗೂ ಆಗಲಿಲ್ಲ, ನಿನಗೂ ಆಗಲಿಲ್ಲ! ಕೊಟ್ಟರೆ ತಗೊಂಡೋರಿಗೆ ಉಪಯೋಗಕ್ಕೆ ಬರಬೇಕು ಕಣೋ!”

“ಹೂಂ. ಹಾಗೇ ಮಾಡ್ತೀನಮ್ಮ.”

ಮರುದಿನ ನಮ್ಮ ಬಾಗಿಲಿಗೆ ಒಂದೇ ಕದ ಇತ್ತು. ಇನ್ನೊಂದನ್ನು ಕಿತ್ತು, ತಲೆ ಮೇಲೆ ಹೊತ್ತುಕೊಂಡು ಹೋಗಿ ಸಂತಮ್ಮನಿಗೆ ಕೊಟ್ಟಿದ್ದ. ಅವಳ ಮನೆಗೆ ಗೋಣಿಚೀಲವೇ ಬಾಗಿಲು.

“ಉಪಯೋಗಕ್ಕೆ ಬಂತಮ್ಮ!”

“ಅಯ್ಯೋ! ಅರ್ಧ ಬಾಗಿಲಲ್ಲಿ ಏನು ಬೇಕಾದರೂ ಒಳಗೆ ಬರುತ್ತಲ್ಲೋ! ಕೊಡೋ ಮುಂಚೆ ಒಂದು ಮಾತು ಕೇಳಬಾರದ?”

“ಹೂಂ. ಕೇಳ್ತೀನಮ್ಮ.”

ಕದ ವಾಪಸ್ ತರೋಣ ಅಂತ ನಾನು ಹೋದೆ. ಅದರ ಮರೆಯಲ್ಲಿ ಸಂತಮ್ಮನ ಮಕ್ಕಳು ಬೆಚ್ಚಗೆ ಮಲಗಿದ್ದವು. ಬರಿಗೈಲಿ ಬಂದೆ. ಅರುಳ ಉಳಿದ ಒಂದು ಕದಕ್ಕೆ ದಿನಾ ಭದ್ರವಾಗಿ ಚಿಲಕ ಹಾಕತೊಡಗಿದ. ಪಕ್ಕದಲ್ಲೇ ಕತ್ತಲು ಬಾಯಿ ತೆರೆದುಕೊಂಡಿರುತ್ತಿತ್ತು.

ಆಮೇಲೆ ಆಡು ಹೋಯಿತು. ಎರಡಿದ್ದವು. ದಾರಿಯಲ್ಲಿ ಹೋಗುತ್ತಿದ್ದ ಯಾರನ್ನೋ ಓಡಿ ಹಿಡಿದು ಕೊಟ್ಟುಬಿಟ್ಟಿದ್ದ.

“ಕೇಳಿದೆಯೇನೋ?”

“ಕೇಳಿದೆ. ಹೋಗ್ತೀಯಾ ಅಂದೆ. ಮ್ಯಾ ಅಂತು.”

“ಆಡನ್ನ ಕೇಳ್ತಾರೇನೋ! ಮಾತು ಬರೋ ಮನುಷ್ಯರನ್ನ ಕೇಳು! ಅಟ್ಟಿಸಿಕೊಂಡು ಹೋಗಿ ಕೊಡಬೇಡ. ಬಾಗಿಲಿಗೆ ಬಂದು ಬೇಕು ಅಂದೋರಿಗೆ ಕೊಡು!”

“ಹೂಂ. ಬಂದೋರಿಗೆ ಕೊಡ್ತೀನಮ್ಮ.”

ಒಂದು ಸಂಜೆ ದೀಪ ಹಚ್ಚುವ ಹೊತ್ತು. ಲೂರ್ದಮ್ಮ ಅಂಗಳ ಸಾರಿಸಿ ಬಂದು ಕಜ್ಜಾಯದ ಹಿಟ್ಟು ನಾದುತ್ತಿದ್ದಳು. ಅರುಳ ಬಾಗಿಲಾಚೆ ನಿಂತು ಯಾರ ಹತ್ತಿರವೋ ಮಾತಾಡುತ್ತಿದ್ದ.

“ಯಾರೋ ಅದು?” ಅಂದಳು.

“ಒಬ್ಬರು ಬಂದವರೆ ಅಮ್ಮ. ಅವರ ಮನೇಲಿ ದೀಪ ಹಚ್ಚೋರು ಇಲ್ಲವಂತೆ. ನಮ್ಮನೇಲಿ ಎರಡವೆ, ಅಪ್ಪ ಒಂದು, ಅಮ್ಮ ಒಂದು ಅಂದೆ. ಅಮ್ಮನೇ ಬೇಕಂತೆ. ನೀನು ಹೋಗ್ತೀಯಾ?”

ಅವಳು ನಕ್ಕಳು. ಕೈಯೆಲ್ಲ ಹಿಟ್ಟು.

“ಹೂಂ, ಹೋಗ್ತೀನಿ ಹೋಗು! ನಿನ್ನ ಕಾಟವಾದರೂ ತಪ್ಪುತ್ತೆ!”

“ಹೂಂ ಅಂದಳು!” ಅಂತ ಅರುಳ ಹೊರಗೆ ಕೂಗಿದ.

ನಾನು ಎದ್ದು ಹೋಗಿ ನೋಡಿದೆ. ಯಾರೂ ಇಲ್ಲ. ಸಾರಿಸಿದ ಅಂಗಳ ಇನ್ನೂ ಹಸಿ. ಅದರ ಮೇಲೆ ನನ್ನ ಮಗನ ಹೆಜ್ಜೆ ಮಾತ್ರ ಇತ್ತು.

“ಎಲ್ಲೋ ಅವರು?”

“ಬಂದು ಕರ್ಕೊಂಡು ಹೋಗ್ತೀನಿ ಅಂದರು.”

ಆಮೇಲೆ ಅವಳಿಗೆ ಚಳಿಜ್ವರ ಹತ್ತಿತು. ಸೂಜಿ ಹಾಕಿಸಿದೆ, ಇಳಿಯಲಿಲ್ಲ. ಮಲಗಿದಲ್ಲಿಂದ ಕದ ಇಲ್ಲದ ಕಡೆಯನ್ನೇ ನೋಡುವಳು. “ಪೇಟೆಗೆ ಹೋಗಿ ಕದ ತರ್ತೀನಿ ಕಣೆ,” ಅಂದೆ. ಆಗಲೇ ಅವಳು ಅಂದದ್ದು, ಬಾಗಿಲು ಕೊಳ್ಳಬೇಡಿ ಅಂತ. ಏನೂ ಕೊಳ್ಳಬೇಡಿ ಅಂದ ಫಾದರಿಗೆ ನಾವೂ ಹೂಂ ಅಂದಿದ್ದೆವಲ್ಲ. ಕೊಳ್ಳಲಿಲ್ಲ. ಹಬ್ಬಕ್ಕೆಂದು ಒಗೆದು ಮಡಿಸಿಟ್ಟಿದ್ದ ಹಳೇ ಸೀರೆಯಲ್ಲೇ ಮಣ್ಣು ಮಾಡಿದೆವು.

ಹಬ್ಬದ ಹಿಂದಿನ ಸಂಜೆ. ಅರುಳ ಗಂಜಿ ಮುಟ್ಟಲಿಲ್ಲ.

“ಉಣ್ಣೋ. ಇನ್ನು ನಾವಿಬ್ಬರೇ,” ಅಂದೆ.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಇಬ್ಬರಾ?” ಅರುಳ ಎದ್ದ. ಬಾಗಿಲಿಗೆ ಹೋದ. “ಇಲ್ಲಿ ಎರಡವೆ!” ಅಂತ ಕೂಗಿದ. ಕಿವಿಗೊಟ್ಟು ಕೇಳಿದ. “ಅಪ್ಪ, ಬಂದವರೆ. ನೀನು ಹೋಗ್ತೀಯಾ?”

“ಇಲ್ಲ! ಒಳಗೆ ಬಾರೋ!”

“ಹಾಗಾದರೆ ನನ್ನ ಕೇಳ್ತೀನಿ. ಅರುಳಾ, ನೀನು ಹೋಗ್ತೀಯಾ?”

ಹೋಗಿ ಅವನ ಬಾಯಿ ಮುಚ್ಚಿದೆ. ಅಂಗೈ ಒಳಗೆ ಅವನ ಬಾಯಿ ಬೆಚ್ಚಗೆ ಅಲ್ಲಾಡಿತು. ಹೂಂ ಅಂದನೋ, ಉಸಿರು ಬಿಟ್ಟನೋ, ಗೊತ್ತಾಗಲಿಲ್ಲ. ಹೊರಗೆ ಒಂದು ನಾಯಿಯೂ ಬೊಗಳಲಿಲ್ಲ.

ಬೆಳಿಗ್ಗೆ ಎದ್ದು ಅಂಗಳ ನಾನೇ ಸಾರಿಸಿದೆ. ಚರ್ಚಿನ ಜಗಲಿಗೆ ಹೋದೆ. ಪಾಸ್ಕಲಪ್ಪನ ಕೈ ಹಿಡಿದು ಎಬ್ಬಿಸಿದೆ.

“ನಡಿ ಮನೆಗೆ.”

“ಹಬ್ಬದ ಊಟಕ್ಕಾ?”

“ಇರೋದಕ್ಕೆ.”

ಹಸಿ ಅಂಗಳದ ಮೇಲೆ ನಡೆದು ಬಂದ. ಒಂದು ಚಪ್ಪಲಿ ಹೆಜ್ಜೆ, ಒಂದು ಬರಿಗಾಲ ಹೆಜ್ಜೆ. ಕಣ್ಣು ತುಂಬ ನೋಡಿದೆ.

“ಅರುಳಾ, ಈಗ ಎಣಿಸು.”

“ಅಪ್ಪ, ನಾನು, ಪಾಸ್ಕಲಪ್ಪ... ಮೂರು!” ತಲೆ ಕೆರೆದುಕೊಂಡ. “ಮೂರಿದ್ದರೆ ಎಷ್ಟು ಕೊಡಬೇಕು ಅಂತ ಫಾದರು ಹೇಳಿಲ್ಲವಲ್ಲಪ್ಪ?”

“ಹೇಳಿಲ್ಲ.”

ಅವನು ಬಾಗಿಲಿಗೆ ಹೋಗಿ, ಖಾಲಿ ಅಂಗಳಕ್ಕೆ ಕೈ ಮುಗಿದು, “ಮೂರು ಆಗೋಯ್ತು! ಫಾದರನ್ನ ಕೇಳ್ಕೊಂಡು ಬರ್ತೀನಿ, ಅಲ್ಲೀವರೆಗೂ ಅಲ್ಲೇ ನಿಂತಿರಿ!” ಅಂದ. ಒಂಟಿ ಕದಕ್ಕೆ ಭದ್ರವಾಗಿ ಚಿಲಕ ಹಾಕಿ, ಪಕ್ಕದ ತೆರಪಿನಲ್ಲಿ ದಾಟಿ ಓಡಿದ.

ನಾನು ಆ ಕಡೆಗೆ ಬೆನ್ನು ಹಾಕಿ ಕೂತು, ಮೂರು ತಟ್ಟೆ ತೊಳೆದೆ.