ದಾರಿಗೆ ಹೋದ ಅರವತ್ತು ವೋಲ್ಟ್

ಚನ್ನವೀರನೆಂಬ ಶಿಷ್ಯ ಕೇಳಿದ: "ಗುರುಗಳೇ, ತಾಯಿಯಿಲ್ಲದ ನನ್ನನ್ನು ಅಕ್ಕ ಸಾಕಿ ದೊಡ್ಡವನನ್ನಾಗಿ ಮಾಡಿದಳು. ನಾನು ಇಲ್ಲಿಗೆ ಬಂದ ಮೇಲೆ ಅವಳು ಫೋನಿನಲ್ಲಿ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ. ಅವಳ ಮನಸ್ಸಿನಲ್ಲಿ ನನ್ನ ಪಾಲು ಇಷ್ಟೇ ಉಳಿದಿದೆಯೇ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಕೆರೆಯ ದಂಡೆಯಲ್ಲಿ ಒಬ್ಬ ಹಿಟ್ಟಿನ ಗಿರಣಿಯವನಿದ್ದ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು. ಕಾಲೇಜಿನಲ್ಲಿ ವಿಜ್ಞಾನ ಓದಿದವಳು. ಗಿರಣಿಯ ಮೋಟಾರು ಕೆಟ್ಟರೆ ಅವಳೇ ಬಿಚ್ಚಿ ನೋಡುತ್ತಿದ್ದಳು. ಅವಳು ಕೆರೆಯಾಚೆ ಬಾತುಕೋಳಿ ಸಾಕುವವನೊಬ್ಬನನ್ನು ಮೆಚ್ಚಿ ಮದುವೆಯಾದಳು. ತಂದೆಗೆ ಅದು ಹಿಡಿಸಲಿಲ್ಲ. ಬೈಯಲಿಲ್ಲ, ಅಡ್ಡ ಬರಲಿಲ್ಲ, ಮಾತು ಬಿಟ್ಟ. ಮಗಳೂ ಅವನ ಮಗಳೇ. ಅವಳೂ ಬಿಟ್ಟಳು.

ಆಚೆ ದಂಡೆಗೆ ಆಗ ಕರೆಂಟು ಬಂದಿರಲಿಲ್ಲ. ಮೊದಲ ಚಳಿಗಾಲದಲ್ಲಿ ಬಾತಿನ ಮರಿಗಳು ಚಳಿ ತಡೆಯದೆ ಸೆಟೆದು ಸತ್ತವು. ಸುದ್ದಿ ಗಿರಣಿಗೆ ಮುಟ್ಟಿತು. ಸ್ವಲ್ಪ ದಿನದಲ್ಲೇ ಆಳುಗಳು ಬಂದು ಕೆರೆಯ ಏರಿಯುದ್ದಕ್ಕೂ ಕಂಬ ನೆಟ್ಟು, ಗಿರಣಿಯಿಂದ ಅವಳ ಮನೆಯತನಕ ತಂತಿ ಎಳೆದರು. ಯಜಮಾನರು ಹೇಳಿದ್ದಾರೆ ಎಂದಷ್ಟೇ ಹೇಳಿ ಹೊರಟುಹೋದರು. ಮಗಳು ಬೇಡವೆನ್ನಲಿಲ್ಲ. ಮರಿಗಳ ಗೂಡಿನಲ್ಲಿ ಶಾಖಕ್ಕೆಂದು ದೊಡ್ಡ ದೊಡ್ಡ ಬಲ್ಬು ತೂಗುಹಾಕಿದಳು.

ಬಲ್ಬುಗಳು ಉರಿದವು, ಆದರೆ ಕೆಂಪಗೆ, ಮಂಕಾಗಿ. ಬೇರೆ ಬಲ್ಬು ತಂದು ಹಾಕಿದರೂ ಅಷ್ಟೇ. ಮರಿಗಳು ಒಂದರ ಮೇಲೊಂದು ಮುದುರಿಕೊಳ್ಳುತ್ತಿದ್ದವು. ಕೆಳಗೆ ಸಿಕ್ಕಿಕೊಂಡವು ಸಾಯುತ್ತಿದ್ದವು. ಗಿರಣಿಯಲ್ಲಿ ವೋಲ್ಟೇಜನ್ನು ಏರಿಸಿ ಇಳಿಸುವ ಯಂತ್ರವೊಂದಿತ್ತು. ಅದು ಅವಳಿಗೆ ಗೊತ್ತಿತ್ತು. ನನ್ನ ಪಾಲಿಗೆ ಅಪ್ಪ ಇಳಿಸಿ ಇಟ್ಟಿದ್ದಾನೆ, ಕೊಟ್ಟರೂ ಕೈ ಬಿಗಿಹಿಡಿದು ಕೊಟ್ಟಿದ್ದಾನೆ ಎಂದುಕೊಂಡಳು. ಮರಿಗಳು ಸತ್ತದ್ದಕ್ಕಿಂತ ಆ ಯೋಚನೆಯೇ ಅವಳನ್ನು ಹೆಚ್ಚು ನೋಯಿಸಿತು.

ಆದರೂ ಗಾಳಿ ಆ ಕಡೆಯಿಂದ ಬೀಸಿದಾಗ ಅವಳು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು. ಗಿರಣಿಯ ಸದ್ದು ನೀರಿನ ಮೇಲೆ ತೇಲಿ ಬರುತ್ತಿತ್ತು. ಅಪ್ಪ ರಾಗಿ ಸುರಿದಿದ್ದಾನೋ ಜೋಳ ಸುರಿದಿದ್ದಾನೋ ಸದ್ದಿನಲ್ಲೇ ತಿಳಿಯುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಸದ್ದು ನಿಂತರೆ, ಅದು ಮತ್ತೆ ಶುರುವಾಗುವತನಕ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಹೀಗೆ ಕೆಲವು ಚಳಿಗಾಲ ಕಳೆದವು. ಒಂದು ವರ್ಷ ಅವಳು ಯಾರಿಂದಲೋ ಮೀಟರು ತಂದಳು. ಬಲ್ಬುಗಳನ್ನು ಉರಿಸಿ ಅಳೆದಳು. ವೋಲ್ಟೇಜು ನೂರ ಎಂಬತ್ತು. ಹರಿಯುವ ಕರೆಂಟು ನಾಲ್ಕು ಆಂಪಿಯರು. ಒಂದರಿಂದೊಂದನ್ನು ಭಾಗಿಸಿದಳು, ಬಲ್ಬುಗಳ ತಡೆ ನಲವತ್ತೈದು ಓಮ್. ಗುಣಿಸಿದಳು, ಗೂಡಿಗೆ ಸಿಗುತ್ತಿರುವುದು ಏಳುನೂರ ಇಪ್ಪತ್ತು ವ್ಯಾಟ್. ಈ ಮನೆಯ ಲೆಕ್ಕ ಇಲ್ಲಿಗೆ ಮುಗಿಯಿತು. ಆ ಕಡೆಯಿಂದ ಎಷ್ಟು ಹೊರಟಿತು ಎಂಬುದು ಇಲ್ಲಿ ನಿಂತವರಿಗೆ ತಿಳಿಯುವಂತಿರಲಿಲ್ಲ. ಬಲ್ಬುಗಳನ್ನು ಆರಿಸಬೇಡವೆಂದು ಗಂಡನಿಗೆ ಹೇಳಿ, ಮೀಟರನ್ನು ಚೀಲಕ್ಕೆ ಹಾಕಿಕೊಂಡು, ಏರಿಯ ಮೇಲೆ ನಡೆದಳು.

ಗಿರಣಿಯಲ್ಲಿ ತಂದೆ ಒಬ್ಬನೇ ಇದ್ದ. ತಲೆ ಬೆಳ್ಳಗಾಗಿತ್ತು. ಹಿಟ್ಟೋ ವಯಸ್ಸೋ ಅವಳಿಗೆ ಗೊತ್ತಾಗಲಿಲ್ಲ. ಅವನು ಮಾತಾಡಿಸಲಿಲ್ಲ, ಇವಳೂ ಮಾತಾಡಲಿಲ್ಲ. ನೇರವಾಗಿ ತನ್ನ ತಂತಿ ಹೊರಡುವ ಜಾಗಕ್ಕೆ ಹೋಗಿ ಮೀಟರು ಹಿಡಿದಳು. ಇನ್ನೂರ ನಲವತ್ತು. ತಂದೆ ಒಂದಿಷ್ಟೂ ಇಳಿಸಿರಲಿಲ್ಲ. ಕರೆಂಟು ಇಲ್ಲಿಯೂ ನಾಲ್ಕೇ.

ಅವಳು ಅಲ್ಲಿದ್ದ ಮೂಟೆಯ ಮೇಲೆ ಕೂತಳು. ಹೊರಟದ್ದು ಇನ್ನೂರ ನಲವತ್ತು, ಮುಟ್ಟಿದ್ದು ನೂರ ಎಂಬತ್ತು. ಅರವತ್ತು ವೋಲ್ಟ್ ನಡುವೆ ಬಿದ್ದುಹೋಗಿತ್ತು. ನಾಲ್ಕರಿಂದ ಭಾಗಿಸಿದರೆ ಹದಿನೈದು ಓಮ್. ಅದು ತಂತಿಯದೇ ತಡೆ. ನಾಲ್ಕರಿಂದ ಗುಣಿಸಿದರೆ ಇನ್ನೂರ ನಲವತ್ತು ವ್ಯಾಟ್. ಅಷ್ಟು ಶಾಖ ತಂದೆಯ ಕೈಬಿಟ್ಟು ಹೊರಟು, ಮಗಳ ಮನೆ ಮುಟ್ಟದೆ, ಕೆರೆಯ ಮೇಲಿನ ಗಾಳಿಗೆ ಹೋಗುತ್ತಿತ್ತು. ಇಷ್ಟು ವರ್ಷ.

ತಂದೆ ಹತ್ತಿರ ಬಂದು, ಏನು ನೋಡುತ್ತಿದ್ದೀಯ ಎಂದು ಕೇಳಿದ.

"ನೀನು ಕಳಿಸಿದ್ದರಲ್ಲಿ ಕಾಲುಭಾಗ ದಾರಿಯಲ್ಲೇ ಹೋಗ್ತಿದೆ ಅಪ್ಪ. ದಾರಿ ಉದ್ದ, ತಂತಿ ಸಣ್ಣದು."

ಅವನು ಕೆರೆಯ ಕಡೆಯ ಬಾಗಿಲತ್ತ ನೋಡಿದ. ಕಾಳು ಸುರಿಯುವವರಿಲ್ಲದೆ ಗಿರಣಿ ಬರಿದೇ ತಿರುಗುತ್ತಿತ್ತು.

"ದಿನಾ ಸಂಜೆ ಕೆರೆ ಕಡೆ ಬಾಗಿಲಲ್ಲಿ ನಿಂತು ನಿನ್ನ ದೀಪ ನೋಡ್ತಿದ್ದೆ," ಎಂದ. "ಮಂಕಾಗಿ ಕಾಣೋದು. ನನ್ನ ಕರೆಂಟು ಜಾಸ್ತಿ ಬೇಡ ಅಂತ ನೀನೇ ಸಣ್ಣ ಬಲ್ಬು ಹಾಕಿದ್ದೀಯ ಅಂದುಕೊಂಡಿದ್ದೆ."

ಮಗಳು ಮುಖಕ್ಕೆ ಸೆರಗು ಹಿಡಿದಳು.

ಆಮೇಲೆ ತಂದೆ ಬೇರೆ ಮಾತು ತೆಗೆದ. ದಪ್ಪ ತಂತಿ ಎಳೆಸಬೇಕು, ಅಲ್ಲಿಯವರೆಗೆ ಮರಿಗಳು ಗಿರಣಿಯ ಹಿಂದಿನ ಕೋಣೆಯಲ್ಲೇ ಇರಲಿ ಎಂದ. ಅವಳೂ ಗಂಡನೂ ಬುಟ್ಟಿಗಳಲ್ಲಿ ಮರಿಗಳನ್ನು ಹೊತ್ತು ತಂದರು. ಅಲ್ಲಿ ಬಲ್ಬುಗಳು ಬೆಳ್ಳಗೆ ಉರಿದವು. ಮರಿಗಳು ಮುದುರುವುದನ್ನು ಬಿಟ್ಟು ಕೋಣೆಯ ತುಂಬ ಹರಡಿಕೊಂಡವು. ಮೇವಿಗೆಂದು ಮಗಳು ದಿನವೂ ಬರುತ್ತಿದ್ದಳು. ಅವಳು ಬರುವ ಹೊತ್ತಿಗೆ ತಂದೆ ನುಚ್ಚು ಒಡೆದು ಇಟ್ಟಿರುತ್ತಿದ್ದ. ದಪ್ಪ ತಂತಿಯ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಗುರುಗಳು ನಿಲ್ಲಿಸಿದರು. ಚನ್ನವೀರ ಕೇಳಿದ: "ಅವಳ ಕೈಯಲ್ಲಿ ಮೀಟರಿತ್ತು, ಅವಳಿಗೆ ಲೆಕ್ಕ ಬರುತ್ತಿತ್ತು. ನಾನು ಯಾವುದರಿಂದ ಅಳೆಯಲಿ?"

ಗುರುಗಳು ಹೇಳಿದರು: "ಲೆಕ್ಕ ಅವಳಿಗೆ ಮೊದಲ ಚಳಿಗಾಲದಲ್ಲೇ ಬರುತ್ತಿತ್ತು. ಅವಳಲ್ಲಿ ಇಲ್ಲದಿದ್ದದ್ದು ಅಪ್ಪನ ಮನೆಗೆ ಹೋಗಲೊಂದು ನೆಪ. ಮೀಟರು ಆ ನೆಪವಾಯಿತು."