ಬಳೆಯೊಡೆದ ಬಂಡೆ

ಕಾಳಿ ನದಿ ಕಡಲು ಸೇರುವಲ್ಲಿಂದ ಬಡಗಣಕ್ಕೆ ದಂಡೆ ಹಿಡಿದು ನಡೆದರೆ ಕಡವಿನಕೇರಿ ಎಂಬ ಮೀನುಗಾರರ ಊರು ಸಿಗುತ್ತದೆ. ಊರಾಚೆ, ಮರಳು ಮುಗಿದು ಕಲ್ಲು ಮೊದಲಾಗುವಲ್ಲಿ, ಮಗುಚಿ ಹಾಕಿದ ದೋಣಿಯಂಥ ಕರಿಬಂಡೆಯೊಂದು ನೀರಿಗೆ ಚಾಚಿಕೊಂಡಿದೆ. ಇಳಿತದಲ್ಲಿ ಅದರ ಮೇಲೆ ನಡೆಯಬಹುದು. ಭರತ ಬಂದಾಗ ನೆತ್ತಿಯಷ್ಟೇ ಕಾಣುತ್ತದೆ. ಊರವರು ಇದನ್ನು ಬಳೆಯೊಡೆದ ಬಂಡೆ ಎನ್ನುತ್ತಾರೆ. ಮದುಮಗಳೊಬ್ಬಳು ಇಲ್ಲಿ ಜಾರಿಬಿದ್ದಳೆಂದು ಈಚಿನವರು ಹೇಳುವುದುಂಟು. ನನ್ನ ಅಜ್ಜಿ ಹೇಳುತ್ತಿದ್ದುದು ಬೇರೆ.

ಹಿಂದೆ ಒಮ್ಮೆ, ಗೋವೆಯ ಸಾಷ್ಟಿ ಸೀಮೆಯನ್ನು ಪರಂಗಿಯವರು ಆಳುತ್ತಿದ್ದಾಗ, ಅಲ್ಲಿ ಮಂಗಶೇಟನೆಂಬ ಅಕ್ಕಸಾಲಿಗನಿದ್ದ. ಹೆಂಡತಿ ಶಾಂತೇರಿ, ಒಬ್ಬಳೇ ಮಗಳು ಮಾಣಕಿ. ಅವನ ತಮ್ಮ ಭೂಮಿ ಉಳಿಸಿಕೊಳ್ಳಲೆಂದು ಪಾದ್ರಿಗಳಿಂದ ನೀರು ಹಾಕಿಸಿಕೊಂಡು ಪೇದ್ರು ಎಂಬ ಕಿರಿಸ್ತಾನನಾಗಿದ್ದ. ದೇಗುಲಗಳನ್ನು ಕೆಡವಿ ಮುಗಿದ ಮೇಲೆ ಪರಂಗಿಯವರು ಹೊಸ ಕಾನೂನೊಂದನ್ನು ಸಾರಿದ್ದರು: ತಂದೆ ಸತ್ತ ಮಗು, ತಾಯಿ ಬದುಕಿದ್ದರೂ ಅನಾಥವೇ, ಅದನ್ನು ಇಗರ್ಜಿಗೆ ಒಪ್ಪಿಸಿ ಕಿರಿಸ್ತಾನ ಮಾಡತಕ್ಕದ್ದು. ಆ ಮಳೆಗಾಲದಲ್ಲಿ ಮಂಗಶೇಟ ಜ್ವರದಿಂದ ತೀರಿಕೊಂಡ. ಚಿತೆಯ ಹೊಗೆ ಊರಿಗೆಲ್ಲ ಸುದ್ದಿ ಹೇಳೀತೆಂದು ಶಾಂತೇರಿ ಮತ್ತು ಪೇದ್ರು, ಜಡಿಮಳೆಯ ಮಧ್ಯಾಹ್ನ, ಅವನನ್ನು ಹಿತ್ತಿಲ ಹಲಸಿನ ಮರದಡಿ ಹೂತರು. ಗಂಡ ಕೆಲಸ ಹಿಡಿದು ಘಟ್ಟ ಹತ್ತಿದ್ದಾನೆಂದು ಶಾಂತೇರಿ ಕೇಳಿದವರಿಗೆಲ್ಲ ಹೇಳಿದಳು. ಬೆಳಗಾದರೆ ಕುಂಕುಮವಿಟ್ಟು ಕೈತುಂಬ ಬಳೆಯೊಂದಿಗೆ ಬಾವಿಗೆ ಹೋಗುವಳು. ರಾಟೆಯ ಕಿರುಗುಟ್ಟುವಿಕೆಯಲ್ಲಿ ಯಾರಿಗೂ ಕೇಳಿಸದೆಂದು, ನೀರು ಸೇದುವಾಗ ಮಾತ್ರ ಅಳುತ್ತಿದ್ದಳಂತೆ.

ಮಳೆ ಕಳೆದ ಮೇಲೆ ಇಗರ್ಜಿಯ ಅಧಿಕಾರಿ ಬಂದ. ಅಂಗಳದಲ್ಲಿ ಆಡುತ್ತಿದ್ದ ಮಾಣಕಿಯ ತಲೆ ಸವರಿ, ಅಪ್ಪ ಎಲ್ಲಿ ಎಂದು ಕೇಳಿದ. “ಹಲಸಿನ ಮರದ ಕೆಳಗೆ ಮಲಗಿದ್ದಾನೆ,” ಎಂದು ಮಗು ನಿಜವನ್ನೇ ಹೇಳಿತು. ಅಂದೇ ಅವಳನ್ನು ಒಯ್ದರು. ಶಾಂತೇರಿ ಇಗರ್ಜಿಯ ಬಾಗಿಲಲ್ಲಿ ಬಿದ್ದುಕೊಂಡಳು. ತನಗೂ ನೀರು ಹಾಕಿ, ಮಗಳೊಡನೆ ಇರಲು ಬಿಡಿ ಎಂದು ಬೇಡಿದಳು. ಸಾವನ್ನೇ ಬಚ್ಚಿಟ್ಟವಳ ಭಕ್ತಿಯನ್ನು ನಂಬಲಾಗದು ಎಂದರು. ಅವಳನ್ನೇ ವಿಚಾರಣೆಗೆ ಹಿಡಿಯುವರೆಂದು ತಿಳಿದಾಗ ಪೇದ್ರು ಅವಳನ್ನು ಬಲವಂತದಿಂದ ವಲಸೆಯವರ ದೋಣಿಗೆ ಹತ್ತಿಸಿದ.

ದೋಣಿ ಕಡವಿನಕೇರಿಗೆ ಬಂತು. ಇಲ್ಲಿ ಭಯವಿರಲಿಲ್ಲ, ಆದರೂ ಶಾಂತೇರಿ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಅವಳ ಗಂಡ ಸತ್ತದ್ದು ಜೊತೆಗೆ ಬಂದವರಿಂದ ಊರಿಗೆ ಗೊತ್ತಾಗಿತ್ತು. ಹಿರಿಯರು ಅಸಹ್ಯಪಟ್ಟರು; ಬಾವಿಗೆ ಬರಕೂಡದೆಂದರು. “ಇದನ್ನು ಒಡೆದರೆ ನನ್ನ ಮಗಳು ಅನಾಥೆ ಅಂತ ನಾನೇ ಒಪ್ಪಿದ ಹಾಗೆ,” ಎಂದಷ್ಟೇ ಹೇಳಿ ಅವಳು ದಂಡೆಯಲ್ಲಿ ಗುಡಿಸಲು ಹಾಕಿಕೊಂಡಳು. ತೆಂಗಿನ ನಾರು ಹೊಸೆದು ಬದುಕಿದಳು. ಬಡಗಣದಿಂದ ಬಂದ ಪ್ರತಿಯೊಂದು ದೋಣಿಯವರನ್ನೂ ಮಗಳ ಸುದ್ದಿ ಕೇಳುತ್ತಿದ್ದಳು.

ಬಹಳ ವರ್ಷಗಳ ಮೇಲೆ ಪೇದ್ರುವೇ ಬಂದ. ತಲೆ ನರೆತಿತ್ತು. ಮಾಣಕಿ ಪರಂಗಿ ಹಡಗಿನೊಡೆಯನೊಬ್ಬನ ಮನೆಯಲ್ಲಿದ್ದಾಳೆ, ಎತ್ತರಕ್ಕೆ ಬೆಳೆದಿದ್ದಾಳೆ, ಇಗರ್ಜಿಯ ಅಂಗಳದಲ್ಲಿ ಕಂಡೆ ಎಂದ. ಹೆಸರು ಹಿಡಿದು ಕೂಗಿದರೆ ಅವಳು ತಿರುಗಲಿಲ್ಲವಂತೆ.

“ಅವರಿಟ್ಟ ಹೆಸರಿನಿಂದ ಕರೆದೆಯಾ?” ಎಂದು ಶಾಂತೇರಿ ಕೇಳಿದಳು.

“ಕರೆದೆ.”

“ತಿರುಗಿದಳೋ?”

“ತಿರುಗಿದಳು. ನೀವು ಯಾರು ಅಂತ ಕೇಳಿದಳು. ಅವರ ಭಾಷೆಯಲ್ಲಿ.”

ಆ ಹೆಸರು ಏನೆಂದು ಶಾಂತೇರಿ ಕೇಳಲಿಲ್ಲ. ಎದ್ದು ಬಂಡೆಯ ಮೇಲೆ ನಡೆದುಹೋಗಿ, ಎರಡೂ ಮುಂಗೈಗಳನ್ನು ಕಲ್ಲಿಗೆ ಬಡಿದಳು. ಹಾಗೆಯೇ ಕಡಲು ಸೇರಿದಳೆಂದು ಕೆಲವರು ಹೇಳುತ್ತಾರೆ. ಅಜ್ಜಿ ಅದನ್ನು ಒಪ್ಪುತ್ತಿರಲಿಲ್ಲ. ಶಾಂತೇರಿ ಆಮೇಲೂ ಬಹುಕಾಲ ಬೋಳುಗೈಯಲ್ಲಿ ನಾರು ಹೊಸೆಯುತ್ತ ಬದುಕಿದಳು, ಊರವರು ಅವಳನ್ನು ಬಾವಿಗೆ ಬಿಟ್ಟರು, ಅವಳು ಮಾತ್ರ ಯಾವ ದೋಣಿಯವರನ್ನೂ ಏನನ್ನೂ ಕೇಳಲಿಲ್ಲ ಎನ್ನುತ್ತಿದ್ದಳು ಅಜ್ಜಿ.

ಬಂಡೆಯ ಮೇಲೆ ಗುಡಿಯಿಲ್ಲ, ಶಿಲುಬೆಯೂ ಇಲ್ಲ. ಬೇಡಿದ್ದು ಸಿಗದ ಜಾಗವೆಂದು ಯಾರೂ ಇಲ್ಲಿ ಹರಕೆ ಹೊರುವುದಿಲ್ಲ. ನೋಡಲು ಬಂದವರಿಗೆ ಕಾಣುವುದು ಪಾಚಿ, ಚಿಪ್ಪು, ಬಲೆ ಒಣಗಿಸುವ ಹೆಂಗಸರು.